ಓಹಾಯೋದಿಂದ ಬಂದ ಇಂಗ್ಲಿಷ್ ಟೀಚರ್

ಅಮೆರಿಕಕ್ಕೆ ಹೋದವರ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಮೊದಲ ವರ್ಷದ ಹಿಮ, ಅಂಗಡಿಯಲ್ಲಿ ಸಿಗದ ಸಾರಿನ ಪುಡಿ, ರಸ್ತೆಯ ಬಲಬದಿಯಲ್ಲಿ ಓಡುವ ಕಾರು, ಇವೆಲ್ಲ ಈಗ ಹಳ್ಳಿಯ ಅಜ್ಜಿಯರಿಗೂ ಗೊತ್ತಿರುವ ಸಂಗತಿ. ಆದರೆ ಅಮೆರಿಕದವರೇ ತಮ್ಮ ದೇಶ ಬಿಟ್ಟು ದುಡಿಯಲು ಹೊರಗೆ ಹೋದರೆ ಅವರ ಪಾಡೇನು? ‘ಅವರಿಗೇನು ಕಷ್ಟ, ಡಾಲರಿನವರು’ ಎಂದು ನಾವು ಅಂದುಕೊಳ್ಳುವುದು ಸಹಜ. ಆದರೆ ಡಾಲರಿನಿಂದ ಆಗದ ಕೆಲಸಗಳೂ ಇವೆ. ಅವನ್ನು ನೋಡಬೇಕಾದರೆ ಈ ವಾರ ನೀವು ನನ್ನ ಜೊತೆ ಜಪಾನಿನ ಒಂದು ಶಾಲೆಗೆ ಬರಬೇಕು.

ಜಪಾನ್ ಸರ್ಕಾರ 1987ರಲ್ಲಿ ‘ಜೆಟ್’ ಎಂಬ ಯೋಜನೆಯನ್ನು ಶುರುಮಾಡಿತು. ತಮ್ಮ ಮಕ್ಕಳು ಇಂಗ್ಲಿಷನ್ನು ಅದನ್ನೇ ಮನೆಮಾತಾಗಿ ಆಡುವವರ ಬಾಯಿಂದ ಕೇಳಲಿ, ಹಾಗೆ ಬಂದವರು ಜಪಾನನ್ನು ಒಳಗಿನಿಂದ ನೋಡಿ ಹೋಗಲಿ ಎಂಬುದು ಉದ್ದೇಶ. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಅಲ್ಲಿಂದೀಚೆಗೆ ಬಂದುಹೋದವರ ಸಂಖ್ಯೆ 70 ಸಾವಿರವನ್ನು ದಾಟಿದೆ. ಅದರಲ್ಲಿ ದೊಡ್ಡ ಪಾಲು ಅಮೆರಿಕನ್ನರದು. ಯಾವ ವಿಷಯದ ಪದವಿಯಾದರೂ ಸಾಕು. ಜಪಾನಿ ಭಾಷೆ ಬರಬೇಕಾಗಿಲ್ಲ. ಬೋಧನೆಯ ತರಬೇತಿಯೂ ಕಡ್ಡಾಯವಲ್ಲ. (ಬಿ.ಎಡ್.ನಲ್ಲಿ ಪಾಠಯೋಜನೆ ಬರೆದೂ ಬರೆದೂ ಬೆರಳು ಸವೆಸಿದ ನನ್ನಂಥವರಿಗೆ ಇದನ್ನು ಓದಿದಾಗ ಸ್ವಲ್ಪ ಹೊಟ್ಟೆಯುರಿ ಆಗುವುದು ನಿಜ.) ಹುದ್ದೆಯ ಹೆಸರು ಸಹಾಯಕ ಭಾಷಾ ಶಿಕ್ಷಕ. ಒಪ್ಪಂದ ಒಂದು ವರ್ಷದ್ದು, ಮುಂದುವರಿಸಿದರೂ ಹೆಚ್ಚೆಂದರೆ ಐದು ವರ್ಷ.

ಅಂಥ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 23. ಊರು ಅಮೆರಿಕದ ಓಹಾಯೋ ರಾಜ್ಯದ ಯಾವುದೋ ಪಟ್ಟಣ. ಓಹಾಯೋವನ್ನೇ ಏಕೆ ಆರಿಸಿಕೊಂಡೆನೆಂದರೆ, ಜಪಾನಿ ಭಾಷೆಯಲ್ಲಿ ಬೆಳಗಿನ ನಮಸ್ಕಾರಕ್ಕೆ ‘ಓಹಯೋ’ ಎನ್ನುತ್ತಾರೆ. ಶಾಲೆಯ ಬಾಗಿಲಲ್ಲಿ ದಿನವೂ ನೂರಾರು ಮಕ್ಕಳು ಆಕೆಯ ರಾಜ್ಯದ ಹೆಸರನ್ನೇ ಕೂಗಿದ ಹಾಗೆ ಇರುತ್ತದೆ! ಆಕೆ ನನ್ನ ಕಲ್ಪನೆಯವಳು. ಆಕೆಗೆ ಎದುರಾಗುವ ಸಂಗತಿಗಳು ಮಾತ್ರ ಕಲ್ಪನೆಯಲ್ಲ.

ವಿಮಾನದಿಂದ ಇಳಿದ ದಿನವೇ ಆಕೆ ನಿರಕ್ಷರಿ. ಪದವೀಧರೆ, ಆದರೆ ಬಸ್ಸಿನ ಬೋರ್ಡು ಓದಲಾರಳು, ಔಷಧಿಯ ಚೀಟಿ ಓದಲಾರಳು, ಅಂಗಡಿಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಪೊಟ್ಟಣ ನೋಡಿ ಹೇಳಲಾರಳು. ಜಪಾನಿ ಬರವಣಿಗೆಯಲ್ಲಿ ಮೂರು ಬಗೆಯ ಅಕ್ಷರಗಳು ಬೆರೆತಿರುತ್ತವೆ. ಹಿರಾಗಾನಾ 46, ಕಟಕಾನಾ 46, ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರದಂಥ ಅಕ್ಷರಗಳು. ಸಾಮಾನ್ಯ ಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ ಕಾಂಜಿಗಳೇ 2,136. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಮಕ್ಕಳು 1,026 ಕಲಿಯಬೇಕು. ಒಂದನೇ ತರಗತಿಯ ಪಾಲು 80. ನಮ್ಮ ಟೀಚರ್ ಶ್ರದ್ಧೆಯಿಂದ ಕಲಿಯತೊಡಗಿದರೆ ಹಲವು ತಿಂಗಳ ನಂತರ ಒಂದನೇ ತರಗತಿಯ ಮಗುವಿನ ಮಟ್ಟಕ್ಕೆ ಬರುತ್ತಾಳೆ.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಗುಟ್ಟು. ಆ 46 ಅಕ್ಷರಗಳನ್ನು ಜಪಾನಿ ಮಕ್ಕಳು ಬಾಯಿಪಾಠ ಮಾಡುವ ಕ್ರಮ ಹೀಗಿದೆ: ಮೊದಲು ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ಎಲ್ಲೋ ಕೇಳಿದ ಹಾಗಿದೆಯಲ್ಲ? ‘ಚ’ ಇರಬೇಕಾದಲ್ಲಿ ‘ಸ’, ‘ಪ’ ಇರಬೇಕಾದಲ್ಲಿ ‘ಹ’ ಎಂದು ಓದಿಕೊಂಡರೆ ಇದು ನಮ್ಮ ವರ್ಣಮಾಲೆಯ ಕ್ರಮವೇ. ‘ಹ’ ಸಾಲನ್ನು ಬಹಳ ಹಿಂದೆ ‘ಪ’ ಎಂದೇ ಉಚ್ಚರಿಸುತ್ತಿದ್ದರಂತೆ. ಬೌದ್ಧ ಗ್ರಂಥಗಳಿಗಾಗಿ ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡಿದ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತು. ಕಾಗುಣಿತ ಕಲಿತ ನಮ್ಮ ಮಗುವಿಗೆ ಈ ಪಟ್ಟಿ ನೋಡಿದ ಕೂಡಲೇ ಹಾದಿ ತಿಳಿಯುತ್ತದೆ. ಎ, ಬಿ, ಸಿ, ಡಿಯ ಗೊತ್ತುಗುರಿಯಿಲ್ಲದ ಸಾಲನ್ನು ಕಲಿತು ಬಂದ ಅಮೆರಿಕದವಳಿಗೆ ಅದೂ ಹೊಸದು. ಅಷ್ಟೇ ಅಲ್ಲ, ಅವಳ ಹೆಸರನ್ನೂ ಕಟಕಾನಾಕ್ಕೆ ಇಳಿಸಬೇಕು. ವ್ಯಂಜನದ ಹಿಂದೆ ಸ್ವರ ಬಂದೇ ಬರಬೇಕಾದ ಲಿಪಿ ಅದು. ‘ನ್’ ಒಂದಕ್ಕೆ ಮಾತ್ರ ವಿನಾಯಿತಿ. ಸ್ಮಿತ್ ಎಂಬವಳು ‘ಸುಮಿಸು’ ಆಗುತ್ತಾಳೆ. ಮೆಕ್‌ಡೊನಾಲ್ಡ್ ಅಂಗಡಿ ‘ಮಾಕುದೊನಾರುದೊ’ ಆಗುತ್ತದೆ. ತನ್ನ ಹೆಸರನ್ನು ತಾನೇ ಗುರುತಿಸಲಾಗದೆ ಆಸ್ಪತ್ರೆಯ ಸಾಲಿನಲ್ಲಿ ಕುಳಿತೇ ಇರುವವರು ಇದ್ದಾರೆಂದರೆ ನಗಬೇಡಿ.

ಜಪಾನಿನ ಶಾಲಾವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಈ ಶಿಕ್ಷಕರಲ್ಲಿ ಹೆಚ್ಚಿನವರು ಬಂದಿಳಿಯುವುದು ಜುಲೈ ಕೊನೆ, ಆಗಸ್ಟ್ ಮೊದಲಿಗೆ, ಅಂದರೆ ಸರಿಯಾಗಿ ಬೇಸಿಗೆ ರಜೆಯ ನಡುವೆ. ಮಕ್ಕಳಿಲ್ಲ, ಪಾಠವಿಲ್ಲ. ಆದರೂ ಕೆಲಸದ ದಿನವೆಂದರೆ ಕೆಲಸದ ದಿನವೇ. ಎಲ್ಲ ಶಿಕ್ಷಕರ ಮೇಜುಗಳೂ ಒಂದೇ ದೊಡ್ಡ ಕೋಣೆಯಲ್ಲಿ ಸಾಲಾಗಿ ಇರುತ್ತವೆ. ಉಪಮುಖ್ಯೋಪಾಧ್ಯಾಯರು ಅಲ್ಲೇ, ಎಲ್ಲರೂ ಕಾಣುವಂತೆ ಕುಳಿತಿರುತ್ತಾರೆ. ಆ ಕೋಣೆಯಲ್ಲಿ ಮಾತೊಂದೂ ಅರ್ಥವಾಗದೆ, ತಿರುವಿದ ಪುಸ್ತಕವನ್ನೇ ತಿರುವುತ್ತ ಮೊದಲ ತಿಂಗಳು ಕಳೆಯಬೇಕು. ದೇಶಾಂತರದ ಬೇಸರ ಹಿಡಿಯುವುದು ಕಷ್ಟದ ಕೆಲಸದಿಂದಲ್ಲ, ಹೀಗೆ ಮಾಡಲು ಏನೂ ಇಲ್ಲದೆ ಕುಳಿತಾಗ.

ಪಾಠ ಶುರುವಾದ ಮೇಲೂ ತರಗತಿ ಆಕೆಯದಲ್ಲ. ಜಪಾನಿ ಶಿಕ್ಷಕರು ಮುಖ್ಯ, ಆಕೆ ಸಹಾಯಕಿ. ಕೆಲವು ಕಡೆ ಇಬ್ಬರೂ ಕೂಡಿ ಪಾಠ ಕಟ್ಟುತ್ತಾರೆ. ಇನ್ನು ಕೆಲವು ಕಡೆ ‘ಈ ವಾಕ್ಯ ಓದಿ’ ಎಂದಾಗ ಓದಬೇಕು, ಮಕ್ಕಳು ಪುನರುಚ್ಚರಿಸಬೇಕು, ಅಲ್ಲಿಗೆ ಮುಗಿಯಿತು. ‘ನಾವು ಮನುಷ್ಯ ರೂಪದ ಟೇಪ್‌ರೆಕಾರ್ಡರ್’ ಎಂದು ಈ ಶಿಕ್ಷಕರು ತಮ್ಮನ್ನೇ ಗೇಲಿ ಮಾಡಿಕೊಳ್ಳುವುದುಂಟು. 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಅಧಿಕೃತ ವಿಷಯವಾದ ಮೇಲೆ ಇವರ ಕೆಲಸ ಹೆಚ್ಚಿದೆ. ಟೇಪ್‌ರೆಕಾರ್ಡರಿನ ಪಾಡು ತಪ್ಪಿದೆಯೇ ಎಂಬುದು ಶಾಲೆಯಿಂದ ಶಾಲೆಗೆ ಬೇರೆ.

ನನ್ನ ಅಭಿಪ್ರಾಯ ಕೇಳಿದರೆ, ನಿಜವಾದ ಪಾಠ ನಡೆಯುವುದು ಊಟದ ಹೊತ್ತಿನಲ್ಲಿ. ಶಾಲೆಯ ಊಟಕ್ಕೆ ಅಲ್ಲಿ 1954ರಷ್ಟು ಹಿಂದೆಯೇ ಕಾನೂನು ಬಂತು. ಬಿಳಿ ಟೊಪ್ಪಿಗೆ, ಬಿಳಿ ಮೇಲಂಗಿ ತೊಟ್ಟ ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ. ಅದಕ್ಕೆ ಮೊದಲು ಮುಖ್ಯೋಪಾಧ್ಯಾಯರು ತಿಂದು ನೋಡಿರಬೇಕು. (ನಮ್ಮ ಬಿಸಿಯೂಟದಲ್ಲೂ ಶಿಕ್ಷಕರು ಮೊದಲು ರುಚಿ ನೋಡಬೇಕೆಂಬ ನಿಯಮವಿದೆಯಲ್ಲ, ಹಾಗೆ.) ಅನ್ನ, ಸಾರಿನಂಥ ಮಿಸೋ, ಒಂದು ತುಂಡು ಮೀನು, 200 ಮಿಲಿಲೀಟರ್ ಹಾಲು. ಟೀಚರ್ ತರಗತಿಯಲ್ಲೇ ಮಕ್ಕಳ ನಡುವೆ ಪುಟ್ಟ ಕುರ್ಚಿಯಲ್ಲಿ ಕುಳಿತು ಉಣ್ಣಬೇಕು. ಚಾಪ್‌ಸ್ಟಿಕ್ ಹಿಡಿಯುವ ಬಗೆಯನ್ನು ಏಳು ವರ್ಷದ ಮಗು ಆಕೆಯ ಬೆರಳು ತಿದ್ದಿ ತೋರಿಸುತ್ತದೆ. ಆ ಮಗುವಿಗೆ ಎರಡು ಇಂಗ್ಲಿಷ್ ಪದ ಬಂದರೆ, ಟೀಚರಿಗೆ ಹತ್ತು ಜಪಾನಿ ಪದ ಬಂದಿರುತ್ತವೆ.

ಊಟವಾದ ಮೇಲೆ ಕಸಗುಡಿಸುವ ಹೊತ್ತು. ಹದಿನೈದು, ಇಪ್ಪತ್ತು ನಿಮಿಷ ಮಕ್ಕಳು, ಶಿಕ್ಷಕರು ಕೂಡಿ ನೆಲ ಒರೆಸಿ, ಮೆಟ್ಟಿಲು ಗುಡಿಸಿ, ಅನೇಕ ಶಾಲೆಗಳಲ್ಲಿ ಶೌಚಾಲಯವನ್ನೂ ತೊಳೆಯುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ. ಟೀಚರ್ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಮಂಡಿಯೂರುವುದು ಆಕೆ ಕನಸಿನಲ್ಲೂ ಎಣಿಸಿದ್ದಲ್ಲ. ಇದನ್ನು ಓದಿ ‘ನಮ್ಮಲ್ಲೂ ಹೀಗೆ ಮಾಡಿಸಬೇಕು’ ಎನ್ನುವ ತಂದೆತಾಯಿಗಳಿದ್ದಾರೆ. ತಡೆಯಿರಿ. ಅಲ್ಲಿ ಸರದಿಯ ಪಟ್ಟಿಯಲ್ಲಿ ಡಾಕ್ಟರ ಮಗುವಿನ ಹೆಸರೂ ಇರುತ್ತದೆ, ಮೀನುಗಾರನ ಮಗುವಿನ ಹೆಸರೂ ಇರುತ್ತದೆ. ನಮ್ಮಲ್ಲಿ ಪೊರಕೆ ಯಾವ ಮಕ್ಕಳ ಕೈಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಿಕೊಂಡು ಆಮೇಲೆ ಜಪಾನಿನ ಮಾತು ಆಡೋಣ.

ಇನ್ನು ಟೀಚರ ಮನೆಗೆ ಹೋಗೋಣ. ವಿಜ್ಞಾನದ ಮೇಷ್ಟ್ರಾದ ನನಗೆ ಬಾಯಲ್ಲಿ ನೀರೂರುವುದು ಇಲ್ಲೇ.

ಊರಿನಿಂದ ತಂದ ಕೂದಲೊಣಗಿಸುವ ಯಂತ್ರವನ್ನು ಆಕೆ ಗೋಡೆಯ ಪ್ಲಗ್ಗಿಗೆ ಹಾಕುತ್ತಾಳೆ. ಎರಡು ಚಪ್ಪಟೆ ಪಿನ್ನು ಸಲೀಸಾಗಿ ಕೂರುತ್ತದೆ, ಏಕೆಂದರೆ ಎರಡೂ ದೇಶಗಳ ಪಿನ್ನು ಒಂದೇ ಆಕಾರ. ಆದರೆ ಗಾಳಿ ಊರಿನಲ್ಲಿದ್ದಷ್ಟು ಬಿಸಿಯಾಗುವುದಿಲ್ಲ. ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್, ಜಪಾನಿನಲ್ಲಿ 100. ಇಪ್ಪತ್ತೇ ವೋಲ್ಟ್ ಕಡಿಮೆ ತಾನೆ ಎನ್ನಬೇಡಿ. ರೋಧ ಬದಲಾಗದಿದ್ದರೆ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಹತ್ತನೇ ತರಗತಿಯವರು ಲೆಕ್ಕ ಹಾಕಿ ನೋಡಿ: 120 ವೋಲ್ಟಿಗೆ 1,500 ವ್ಯಾಟ್ ಕೊಡುವ ಯಂತ್ರದ ರೋಧ 9.6 ಓಮ್. ಅದಕ್ಕೆ 100 ವೋಲ್ಟ್ ಕೊಟ್ಟರೆ ಸಿಗುವುದು ಸುಮಾರು 1,040 ವ್ಯಾಟ್. ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಹೋಯಿತು.

ಗಡಿಯಾರದ ಕಥೆ ಇನ್ನೂ ಸೊಗಸು. ಗೋಡೆಯ ವಿದ್ಯುತ್ತಿನಿಂದಲೇ ಓಡುವ ಹಳೆಯ ಬಗೆಯ ಗಡಿಯಾರಗಳು ವಿದ್ಯುತ್ತಿನ ಆವೃತ್ತಿಯನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತದೆ ಎಂಬುದನ್ನು ಎಣಿಸಿಯೇ ಕಾಲ ಹೇಳುತ್ತವೆ. ಅಮೆರಿಕದಲ್ಲಿ 60 ಸಲ. ನಮ್ಮಲ್ಲಿ 50. ಜಪಾನಿನಲ್ಲಿ? ಅರ್ಧ ದೇಶದಲ್ಲಿ 50, ಇನ್ನರ್ಧದಲ್ಲಿ 60! 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತಂದರು, ಅದು 50ರದು. ಒಸಾಕಾದವರು ಅಮೆರಿಕದಿಂದ ತಂದರು, ಅದು 60ರದು. ಆಮೇಲೆ ಎರಡೂ ಕಡೆ ತಂತಿ, ಯಂತ್ರ, ಕಾರ್ಖಾನೆ ಬೆಳೆಯುತ್ತ ಹೋದವು. ಬದಲಾಯಿಸುವ ಖರ್ಚು ಪ್ರತಿವರ್ಷ ಏರುತ್ತ ಹೋಯಿತು. ಇಂದಿಗೂ ಫುಜಿ ನದಿಯ ಆಸುಪಾಸಿನಲ್ಲಿ ದೇಶ ಎರಡು ಹೋಳು. ನಮ್ಮ ಟೀಚರಿಗೆ ಪೂರ್ವ ಭಾಗದ ಶಾಲೆ ಸಿಕ್ಕಿದ್ದರೆ ಅವಳ ಗಡಿಯಾರ ಗಂಟೆಗೆ ಹತ್ತು ನಿಮಿಷ, ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಈ 50, 60ರ ವಿಷಯವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಅಡಿಗೆಮನೆಯಲ್ಲೂ ಇದೇ ಗೋಳು. ತಾಯಿ ಬರೆದುಕೊಟ್ಟ ಕೇಕಿನ ವಿಧಾನದಲ್ಲಿ ‘ಒಂದು ಕಪ್’ ಎಂದಿದ್ದರೆ ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್. ಜಪಾನಿನ ಅಳತೆಯ ಕಪ್ 200. ಅಲ್ಲಿನ ಅನ್ನದ ಕುಕ್ಕರಿನ ಜೊತೆ ಬರುವ ಕಪ್ 180. ಒಲೆಯ ಬಿಸಿ 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ 177. ಅಷ್ಟಕ್ಕೂ ಜಪಾನಿನ ಬಾಡಿಗೆ ಮನೆಗಳಲ್ಲಿ ಅಮೆರಿಕದಂಥ ದೊಡ್ಡ ಓವನ್ ಇರುವುದೇ ಅಪರೂಪ. ದಿನನಿತ್ಯದಲ್ಲಿ ಮೈಲಿ, ಪೌಂಡು, ಫ್ಯಾರನ್‌ಹೀಟ್ ಹಿಡಿದು ಕುಳಿತಿರುವ ದೇಶದವರಿಗೆ ಹೊರಗೆ ಕಾಲಿಟ್ಟರೆ ಪ್ರತಿಯೊಂದಕ್ಕೂ ಲೆಕ್ಕ. ‘ನನಗೆ 100 ಡಿಗ್ರಿ ಜ್ವರ’ ಎಂದರೆ ಶಾಲೆಯ ದಾದಿಗೆ ಗಾಬರಿಯಾಗಬೇಡವೇ? 100 ಡಿಗ್ರಿಗೆ ನೀರು ಕುದಿಯುತ್ತದೆ! ಅಲ್ಲಿ 37.5 ಮುಟ್ಟಿದರೆ ಜ್ವರ. ನಾವು ಈ ವಿಷಯದಲ್ಲಿ ವಿಚಿತ್ರ ಜನ. ಸೆಖೆಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್ ಎಂದು ಎರಡನ್ನೂ ಇಟ್ಟುಕೊಂಡು, ಗೊಂದಲವೂ ಮಾಡಿಕೊಳ್ಳದೆ ಬದುಕುತ್ತಿದ್ದೇವೆ.

ಚಳಿಗಾಲ ಬಂದಾಗ ಇನ್ನೊಂದು ಪಾಠ. ಓಹಾಯೋದ ಮನೆಗಳಲ್ಲಿ ಇಡೀ ಮನೆಯನ್ನೇ ಬೆಚ್ಚಗಿಡುವ ಏರ್ಪಾಡು ಸಾಮಾನ್ಯ. ಜಪಾನಿನ ಬಹುಪಾಲು ಮನೆಗಳಲ್ಲಿ ಹಾಗಿಲ್ಲ. ಗಿಡ್ಡ ಮೇಜಿನ ಅಡಿಗೆ ಒಂದು ಪುಟ್ಟ ಹೀಟರ್, ಮೇಲೆ ರಜಾಯಿ. ಇದಕ್ಕೆ ಕೊತಾತ್ಸು ಎನ್ನುತ್ತಾರೆ. ಅದರೊಳಗೆ ಕಾಲು ಚಾಚಿ ಕುಳಿತರೆ ಹಾಯ್ ಎನಿಸುತ್ತದೆ. ಅಮೆರಿಕದವರು ಮನೆಯನ್ನು ಬಿಸಿ ಮಾಡುತ್ತಾರೆ, ಜಪಾನಿನವರು ಮನುಷ್ಯನನ್ನು. ಭೌತಶಾಸ್ತ್ರದ ದೃಷ್ಟಿಯಿಂದ ಎರಡನೆಯದೇ ಜಾಣತನ. ಆದರೆ ಬೆಳಿಗ್ಗೆ ಎದ್ದು ಮಂಜಿನಂಥ ಬಚ್ಚಲಿಗೆ ಹೋಗುವವರಿಗೆ ಭೌತಶಾಸ್ತ್ರ ಹೇಳಬಾರದು.

ಕಸ ಎಸೆಯುವುದಂತೂ ಪರೀಕ್ಷೆ ಬರೆದ ಹಾಗೆ. ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್, ಡಬ್ಬಿ, ಬಾಟಲಿ, ಕಾಗದ ಬೇರೆ ಬೇರೆ. ಒಂದೊಂದಕ್ಕೂ ಒಂದೊಂದು ವಾರ. ಅನೇಕ ಊರುಗಳಲ್ಲಿ ಊರಿನ ಹೆಸರು ಅಚ್ಚಾದ ಚೀಲವನ್ನೇ ಕೊಂಡು ಬಳಸಬೇಕು. ನೀರಿನ ಬಾಟಲಿಯ ಮುಚ್ಚಳ ತೆಗೆದು, ಮೇಲಿನ ಹಾಳೆ ಸುಲಿದು, ತೊಳೆದು ಇಡಬೇಕು. ತಪ್ಪಿದರೆ ಚೀಲ ಒಂದು ಚೀಟಿ ಅಂಟಿಸಿಕೊಂಡು ಅಲ್ಲೇ ಉಳಿಯುತ್ತದೆ, ಯಾರ ಮನೆಯದೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ತೊಕುಶಿಮಾ ಪ್ರಾಂತದ ಕಮಿಕಾತ್ಸು ಎಂಬ ಪುಟ್ಟ ಊರಿನಲ್ಲಿ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಕಾರು ಓಡಿಸಬೇಕಾದ ಹಳ್ಳಿಯ ಶಾಲೆಯಾದರೆ ಮತ್ತೊಂದು ತಮಾಷೆ. ಜಪಾನಿನಲ್ಲಿ ನಮ್ಮಂತೆ ಎಡಬದಿಯ ಸಂಚಾರ. ಸ್ಟಿಯರಿಂಗಿನ ಪಕ್ಕದ ಕಡ್ಡಿಗಳೂ ಅದಲುಬದಲು. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋಗಿ, ಮಳೆಯಿಲ್ಲದ ದಿನ ವೈಪರ್ ಆಡಿಸಿಕೊಂಡು ಹೋಗುವ ಕಾರಿನೊಳಗೆ ಹೊಸದಾಗಿ ಬಂದ ಅಮೆರಿಕನ್ ಇದ್ದಾರೆಂದು ತಿಳಿಯಬೇಕು.

ಇಷ್ಟು ದೂರ ಬಂದರೂ ಸ್ವದೇಶ ಆಕೆಯನ್ನು ಬಿಡುವುದಿಲ್ಲ. ಪ್ರಪಂಚದ ಬಹುತೇಕ ದೇಶಗಳು ತಮ್ಮಲ್ಲಿ ವಾಸಿಸುವವರಿಂದ ತೆರಿಗೆಯ ಲೆಕ್ಕ ಕೇಳುತ್ತವೆ. ಅಮೆರಿಕ ಮಾತ್ರ ತನ್ನ ಪ್ರಜೆ ಎಲ್ಲಿದ್ದರೂ ಕೇಳುತ್ತದೆ. ಹೀಗೆ ಮಾಡುವ ಇನ್ನೊಂದು ದೇಶ ಆಫ್ರಿಕದ ಎರಿಟ್ರಿಯ. ಕಟ್ಟಬೇಕಾದ ತೆರಿಗೆ ಅನೇಕ ವೇಳೆ ಸೊನ್ನೆ, ಆದರೆ ಅರ್ಜಿ ತುಂಬಿ ‘ಸೊನ್ನೆ’ ಎಂದು ತೋರಿಸಬೇಕು. ಪರದೇಶದ ಬ್ಯಾಂಕುಗಳಲ್ಲಿರುವ ಹಣ ಒಟ್ಟು 10 ಸಾವಿರ ಡಾಲರ್ ದಾಟಿತೆಂದರೆ ಅದಕ್ಕೆ ಬೇರೆ ವರದಿ.

ತಂದೆತಾಯಿಗಳ ಜೊತೆ ಮಾತಿಗೂ ಲೆಕ್ಕ ಬೇಕು. ಓಹಾಯೋ ಜಪಾನಿಗಿಂತ ಚಳಿಗಾಲದಲ್ಲಿ 14 ಗಂಟೆ, ಬೇಸಿಗೆಯಲ್ಲಿ 13 ಗಂಟೆ ಹಿಂದೆ. ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುತ್ತಾರೆ, ಜಪಾನಿನವರು ತಿರುಗಿಸುವುದಿಲ್ಲ. (ಯುದ್ಧಾನಂತರ ಅಮೆರಿಕದ ಆಡಳಿತದ ಕೆಳಗೆ 1948ರಿಂದ 1951ರವರೆಗೆ ತಿರುಗಿಸಿದ್ದರು, ಬೇಡವೆಂದು ಬಿಟ್ಟರು.) ಮಗಳ ಭಾನುವಾರ ಬೆಳಿಗ್ಗೆ ಎಂಟು, ತಾಯಿಯ ಶನಿವಾರ ಸಂಜೆ ಆರು ಅಥವಾ ಏಳು. ಇಬ್ಬರಿಗೂ ಬಿಡುವಿರುವ ಹೊತ್ತು ವಾರದಲ್ಲಿ ಅದೊಂದೇ ಎಂದರೂ ಆದೀತು. ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ನಮ್ಮ ತಾಯಂದಿರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಈಗ ಸಂಜೆ ಐದು ಗಂಟೆ. ಜಪಾನಿನ ಬಹಳಷ್ಟು ಊರುಗಳಲ್ಲಿ ಕಂಬಗಳ ಮೇಲೆ ಧ್ವನಿವರ್ಧಕಗಳಿರುತ್ತವೆ. ದಿನವೂ ಸಂಜೆ ಗೊತ್ತಾದ ಹೊತ್ತಿಗೆ ಅವು ಒಂದು ರಾಗವನ್ನು ನುಡಿಸುತ್ತವೆ. ಆಟದ ಬಯಲಿನ ಮಕ್ಕಳು ಮನೆಗೆ ಹೊರಡುತ್ತಾರೆ. ಹೊಸದಾಗಿ ಬಂದವರಿಗೆ ಇದು ಮಕ್ಕಳನ್ನು ಕರೆಯುವ ಹಾಡು ಎನಿಸುತ್ತದೆ, ಇಂಪಾಗಿಯೂ ಇರುತ್ತದೆ. ಆದರೆ ಅದರ ನಿಜವಾದ ಕೆಲಸ ಬೇರೆ. ಭೂಕಂಪ, ಸುನಾಮಿಯ ಎಚ್ಚರಿಕೆ ಕೊಡುವ ಯಂತ್ರ ಸರಿಯಾಗಿದೆಯೇ ಎಂದು ಊರಿನವರು ದಿನವೂ ಹೀಗೆ ಪರೀಕ್ಷಿಸಿಕೊಳ್ಳುತ್ತಾರೆ.

ಭೂಕಂಪ ಅಲ್ಲಿ ದಿನನಿತ್ಯದ ಮಾತು. ಅದನ್ನು ಅಳೆಯುವ ಭಾಷೆಯನ್ನೂ ಟೀಚರ್ ಹೊಸದಾಗಿ ಕಲಿಯಬೇಕು. ನಮಗೆ, ಅಮೆರಿಕದವರಿಗೆ ಗೊತ್ತಿರುವುದು ಮ್ಯಾಗ್ನಿಟ್ಯೂಡ್. ಜಪಾನಿನವರು ಮೊದಲು ಕೇಳುವುದು ‘ಶಿಂದೊ’ ಎಷ್ಟು ಎಂದು. ದೀಪದ ಉದಾಹರಣೆ ತೆಗೆದುಕೊಳ್ಳಿ. ಬಲ್ಬು ಎಷ್ಟು ವ್ಯಾಟಿನದು ಎಂಬುದು ಒಂದು ಪ್ರಶ್ನೆ; ನಿಮ್ಮ ಪುಸ್ತಕದ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದು ಇನ್ನೊಂದು. ಮೊದಲನೆಯದು ಮ್ಯಾಗ್ನಿಟ್ಯೂಡ್, ಒಂದು ಭೂಕಂಪಕ್ಕೆ ಒಂದೇ. ಎರಡನೆಯದು ಶಿಂದೊ, ಊರಿಂದೂರಿಗೆ ಬೇರೆ. ಅದು 0ಯಿಂದ 7ರವರೆಗೆ. 5 ಮತ್ತು 6ರಲ್ಲಿ ಎರಡೆರಡು ಮೆಟ್ಟಿಲು, ಒಟ್ಟು ಹತ್ತು. 2007ರ ಅಕ್ಟೋಬರಿನಿಂದ ಮುನ್ನೆಚ್ಚರಿಕೆಯೂ ಸಾರ್ವಜನಿಕರಿಗೆ ಸಿಗುತ್ತದೆ. ಭೂಮಿಯೊಳಗಿನಿಂದ ಮೊದಲು ಬರುವುದು ವೇಗದ, ಅಷ್ಟೇನೂ ಹಾನಿ ಮಾಡದ ‘ಪಿ’ ಅಲೆ. ಹಿಂದೆ ನಿಧಾನವಾಗಿ ಬರುವ ‘ಎಸ್’ ಅಲೆಯೇ ಗೋಡೆ ಬೀಳಿಸುವುದು. ಮೊದಲನೆಯದನ್ನು ಹಿಡಿದ ಯಂತ್ರ ಎರಡನೆಯದು ತಲುಪುವ ಮೊದಲೇ ಕೂಗುತ್ತದೆ. ನೂರು ಕಿಲೋಮೀಟರ್ ದೂರದ ಊರಿನಲ್ಲಿ ಎರಡು ಅಲೆಗಳ ನಡುವಿನ ಅಂತರ ಸುಮಾರು ಹತ್ತು ಸೆಕೆಂಡ್. ಎಚ್ಚರಿಕೆ ಹೊರಡಲು ಹಿಡಿಯುವ ಹೊತ್ತನ್ನು ಅದರಲ್ಲಿ ಕಳೆದರೂ ಮೇಜಿನ ಕೆಳಗೆ ತೂರಬಹುದು. ಅನೇಕ ಶಾಲೆಗಳಲ್ಲಿ ಮಕ್ಕಳು ಕುರ್ಚಿಯ ಮೇಲೆ ಹಾಸಿಕೊಳ್ಳುವ ಮೆತ್ತೆಯೇ ತಲೆಗೆ ಹಾಕುವ ಕುಲಾವಿಯೂ ಆಗುತ್ತದೆ. ಕವಾಯತಿನ ದಿನ ಮೊದಲನೇ ತರಗತಿಯವರೂ ಕ್ಷಣದಲ್ಲಿ ಮೇಜಿನಡಿ ಸೇರಿರುತ್ತಾರೆ. ನಿಂತು ನೋಡುತ್ತಿರುವವಳು ಹೊಸ ಟೀಚರ್ ಒಬ್ಬಳೇ.

2011ರ ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2 ಗಂಟೆ 46 ನಿಮಿಷ. ಈಶಾನ್ಯ ಜಪಾನಿನ ಕಡಲಿನಲ್ಲಿ 9.0 ಮ್ಯಾಗ್ನಿಟ್ಯೂಡಿನ ಭೂಕಂಪವಾಯಿತು. ಅದರ ಹಿಂದೆ ಬಂದ ಸುನಾಮಿ ಕರಾವಳಿಯ ಊರುಗಳನ್ನು ಗುಡಿಸಿ ಹಾಕಿತು. ಸುಮಾರು 16 ಸಾವಿರ ಮಂದಿ ಸತ್ತರು, ಎರಡೂವರೆ ಸಾವಿರದಷ್ಟು ಮಂದಿ ಸಿಗಲೇ ಇಲ್ಲ. ಫುಕುಶಿಮಾದ ಅಣುಸ್ಥಾವರ ಕೈತಪ್ಪಿತು. ಟೋಕಿಯೋ ಸುತ್ತಮುತ್ತ ಮಾರ್ಚ್ 14ರಿಂದ ಸರದಿಯ ಮೇಲೆ ವಿದ್ಯುತ್ ಕಡಿತ ಶುರುವಾಯಿತು. ಪಶ್ಚಿಮದ ಒಸಾಕಾದಲ್ಲಿ ದೀಪಗಳು ಉರಿಯುತ್ತಿದ್ದವು. ಅಲ್ಲಿಂದ ಕೊಡಬಹುದಿತ್ತಲ್ಲ? ಗಡಿಯಾರದ ಮಾತು ನೆನಪಿದೆಯಷ್ಟೆ: ಅಲ್ಲಿನದು 60, ಇಲ್ಲಿಯದು 50. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಕೇಂದ್ರಗಳಿಗೆ ಆಗ ಇದ್ದ ಶಕ್ತಿ ಒಟ್ಟು 10 ಲಕ್ಷ ಕಿಲೋವ್ಯಾಟ್, ಅದರಾಚೆಗೆ ಒಂದು ಹನಿ ದಾಟುವಂತಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಇಬ್ಬರು ವ್ಯಾಪಾರಸ್ಥರು ಎರಡು ಕಡೆಯಿಂದ ಯಂತ್ರ ತರಿಸಿದ್ದರ ಲೆಕ್ಕ ಆ ವಾರ ಆಸ್ಪತ್ರೆಗಳೂ ರೈಲುಗಳೂ ತೀರಿಸಿದವು. 2021ರ ಹೊತ್ತಿಗೆ ಆ ಶಕ್ತಿಯನ್ನು 21 ಲಕ್ಷಕ್ಕೆ ಏರಿಸಿದರು.

ಅಳತೆಯ ಮಾನಗಳೂ ಆಗ ಆಟದ ವಿಷಯವಾಗಿ ಉಳಿಯಲಿಲ್ಲ. ಸ್ಥಾವರದಿಂದ 20 ಕಿಲೋಮೀಟರ್ ಒಳಗಿನವರು ಹೊರಡಿ ಎಂದು ಜಪಾನ್ ಸರ್ಕಾರ ಹೇಳಿತು. 50 ಮೈಲಿ ಒಳಗಿರುವ ನಮ್ಮ ಪ್ರಜೆಗಳು ಹೊರಡಿ ಎಂದು ಅಮೆರಿಕ ಹೇಳಿತು, ಅಂದರೆ 80 ಕಿಲೋಮೀಟರ್. ಈ ಎರಡು ಗೆರೆಗಳ ನಡುವಿನ ಊರಿನಲ್ಲಿ ಪಾಠ ಮಾಡುತ್ತಿದ್ದ ಅಮೆರಿಕದವರು ಯಾರ ಮಾತು ಕೇಳಬೇಕು? ಪಕ್ಕದ ಮನೆಯವರು ಉಳಿದಿದ್ದಾರೆ, ತರಗತಿಯ ಮಕ್ಕಳು ಉಳಿದಿದ್ದಾರೆ. ಊರಿನಿಂದ ತಾಯಿ ಫೋನಿನಲ್ಲಿ ಅಳುತ್ತ ಬಾ ಎನ್ನುತ್ತಿದ್ದಾಳೆ. ಹೋದವರೂ ಇದ್ದರು, ಉಳಿದವರೂ ಇದ್ದರು. ಹೋದವರನ್ನು ಆಮೇಲೆ ಹಂಗಿಸಿದವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ. ಇಪ್ಪತ್ಮೂರು ವರ್ಷದ ಮಗುವನ್ನು ಹಾಗೆ ಕರೆಯದ ತಂದೆತಾಯಿ ಯಾರು?

ಜೆಟ್ ಶಿಕ್ಷಕರಲ್ಲಿ ಇಬ್ಬರು ಆ ದಿನ ತೀರಿಕೊಂಡರು, ಇಬ್ಬರೂ ಅಮೆರಿಕದವರು. ಅಲಾಸ್ಕಾದಿಂದ ಬಂದ ಮಾಂಟಿ ಡಿಕ್ಸನ್, ವಯಸ್ಸು 26, ರಿಕುಜೆಂತಕಾತಾ ಊರಿನಲ್ಲಿದ್ದರು. ವರ್ಜೀನಿಯಾದ ಟೇಲರ್ ಆಂಡರ್ಸನ್, ವಯಸ್ಸು 24, ಇಶಿನೊಮಾಕಿಯಲ್ಲಿದ್ದರು. ಟೇಲರ್ 2008ರಲ್ಲಿ ಪದವಿ ಮುಗಿಸಿದ ವರ್ಷವೇ ಅಲ್ಲಿಗೆ ಬಂದು ಹಲವು ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಭೂಮಿ ನಡುಗಿದಾಗ ಅವರು ಮಾಂಗೊಕುಉರಾ ಎಂಬ ಪ್ರಾಥಮಿಕ ಶಾಲೆಯಲ್ಲಿದ್ದರು. ಮಕ್ಕಳನ್ನು ತಂದೆತಾಯಿಗಳ ಕೈಗೆ ಒಪ್ಪಿಸುವ ಕೆಲಸದಲ್ಲಿ ಉಳಿದ ಶಿಕ್ಷಕರ ಜೊತೆ ನಿಂತರು. ಅದಾದ ಮೇಲೆ ಸೈಕಲ್ ಹತ್ತಿ ತಮ್ಮ ಮನೆಯ ಕಡೆ ಹೊರಟರು. ದಾರಿಯಲ್ಲಿ ನೀರು ಬಂತು.

ಮಗಳನ್ನು ಕಳೆದುಕೊಂಡ ತಂದೆತಾಯಿ ಇಶಿನೊಮಾಕಿಯನ್ನು ಬಿಡಲಿಲ್ಲ. ಮಗಳ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಅಲ್ಲಿನ ಶಾಲೆಗಳಿಗೆ ಪುಸ್ತಕ ಕೊಡತೊಡಗಿದರು. ಮೊದಲನೆಯದು 2011ರ ಸೆಪ್ಟೆಂಬರಿನಲ್ಲಿ ಮಾಂಗೊಕುಉರಾ ಶಾಲೆಗೇ ಹೋಯಿತು. ‘ಟೇಲರ್ ಬುಂಕೊ’ ಎಂದು ಅದಕ್ಕೆ ಹೆಸರು. ಬುಂಕೊ ಎಂದರೆ ಪುಸ್ತಕಗಳ ಪುಟ್ಟ ಭಂಡಾರ. ಪುಸ್ತಕಗಳನ್ನು ಇಡಲು ಮರದ ಕಪಾಟುಗಳು ಬೇಕಾದವು. ಅವನ್ನು ಮಾಡಿಕೊಟ್ಟವರು ಅದೇ ಊರಿನ ಒಬ್ಬ ಬಡಗಿ. ಅವರ ಮೂರು ಮಕ್ಕಳೂ ಸುನಾಮಿಯಲ್ಲಿ ಹೋಗಿದ್ದರು. ಆ ಮನೆಯ ಮಕ್ಕಳಿಗೂ ಇಂಗ್ಲಿಷ್ ಹೇಳಿಕೊಟ್ಟಿದ್ದವರು ಟೇಲರ್ ಟೀಚರ್.